ಪೂಜೆಗೆ ಕೂತ ಪಾನಾ, ಎರಡು ಬಾಗಿಲಿನ ಕಾರು

ವಿದೇಶಿ ಕಾರುಗಳ ವರ್ಕ್‌ಶಾಪಿಗೆ ಹೊಸದಾಗಿ ಸೇರಿದವರು ನನ್ನನ್ನು ಕಂಡ ಕೂಡಲೇ ಕೇಳುವ ಪ್ರಶ್ನೆ ಒಂದೇ: ‘ಕಾಕಾ, ಆ ಎರಡು ಬಾಗಿಲಿನ ಗಾಡಿ ಎಷ್ಟು ಸ್ಪೀಡಿಗೆ ಓಡ್ಸೀರಿ?’ ಗಂಟೆಗೆ ನಲವತ್ತು ಎಂದರೆ ಅವರ ಮುಖ ಇಳಿದುಹೋಗುತ್ತದೆ. ಇನ್ನೇನು ಹೇಳಲಿ? ಎಮ್ಮೆ, ಟೆಂಪೊ, ಆರು ಮಂದಿ ಕೂರುವ ರಿಕ್ಷಾ, ಮುಖಕ್ಕೆ ಓಢಣಿ ಸುತ್ತಿಕೊಂಡು ಸ್ಕೂಟರ್ ನುಗ್ಗಿಸುವ ಹೆಣ್ಣುಮಕ್ಕಳು, ಇವರೆಲ್ಲರ ನಡುವೆ ಪುಣೆಯಲ್ಲಿ ನಲವತ್ತು ಮುಟ್ಟಿದರೆ ಅದೇ ದೊಡ್ಡ ಸಾಹಸ. ರೇಸಿಗೆಂದು ಹುಟ್ಟಿದ ಎಂಜಿನ್ನು ಸಿಗ್ನಲ್ಲಿನಲ್ಲಿ ತರಕಾರಿ ಗಾಡಿಯ ಹಿಂದೆ ನಿಂತು ಬೆವರುವುದನ್ನು ನಾನು ಹದಿನೆಂಟು ವರ್ಷ ನೋಡಿದ್ದೇನೆ. ನೋಡಿ ನೋಡಿ ನನಗೆ ಕಾರುಗಳ ಮೇಲೆ ಕನಿಕರ ಬಂತು. ಮನುಷ್ಯರ ಮೇಲೆ ಬರಲಿಲ್ಲ.

ನನ್ನ ಹೆಸರು ಹಂಚಿನಾಳ. ಜಮಖಂಡಿ ಕಡೆಯವನು. ಕೆಲಸ ಏನೆಂದರೆ, ಕಂಪನಿಯಿಂದ ಬಂದ ಹೊಸ ಕಾರನ್ನು ಗಿರಾಕಿಯ ಕೈಗೆ ಕೊಡುವ ಮೊದಲು ಮೇಲೆ ಕೆಳಗೆ ತಪಾಸಣೆ ಮಾಡುವುದು, ಎಲ್ಲ ಸರಿ ಇದೆ ಎಂದು ಒಂದು ಹಾಳೆಗೆ ಸಹಿ ಹಾಕುವುದು. ಆ ಸಹಿ ಇಲ್ಲದೆ ಯಾವ ಕಾರೂ ನಮ್ಮ ಗೇಟು ದಾಟುವಂತಿರಲಿಲ್ಲ. ನನಗೆ ಯಾವ ವರ್ಷ ಯಾವ ಬಡ್ತಿ ಬಂತು ಎಂದು ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ಈ ಕೆಲಸದಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ಮಾತ್ರ ಬರೆಯುತ್ತೇನೆ.

ಮೊದಲು ಗಿರಾಕಿಗಳ ವಿಷಯ. ಇಂಥ ಕಾರನ್ನು ಜನ ಎಂಜಿನ್ನಿನ ಶಕ್ತಿ, ತಿರುವಿನಲ್ಲಿ ಹಿಡಿತ, ಬ್ರೇಕಿನ ಗುಣ ನೋಡಿ ಆರಿಸುತ್ತಾರೆ ಎಂದು ತರಬೇತಿಯಲ್ಲಿ ನಿಮಗೆ ಹೇಳುತ್ತಾರೆ. ಯಾರಪ್ಪಾ ಆ ಪುಣ್ಯಾತ್ಮರು? ನನಗಂತೂ ಒಬ್ಬರೂ ಸಿಗಲಿಲ್ಲ. ಪುಣೆ ಕ್ಯಾಂಪಿನ ಒಬ್ಬ ಬಂಗಾರದ ವ್ಯಾಪಾರಿ ಒಂದು ತಾಸು ಬಾಗಿಲು ತೆಗೆಯುವುದು, ಮುಚ್ಚುವುದು, ತೆಗೆಯುವುದು, ಮುಚ್ಚುವುದು, ಇಷ್ಟನ್ನೇ ಮಾಡಿದ. ತನ್ನ ತಿಜೋರಿಯ ಬಾಗಿಲಿನ ಸದ್ದು ಬರಬೇಕಂತೆ. ಬಂತು, ಕೊಂಡ. ಹಿಂದಿನ ಸೀಟಿಗೆ ದಾರಿ ಎಲ್ಲಿ ಎಂದು ಕೇಳುವ ಬುದ್ಧಿ ಅವನಿಗೆ ಬರಲಿಲ್ಲ. ಮರುದಿನ ವಯಸ್ಸಾದ ತಾಯಿಯನ್ನು ದೇವಸ್ಥಾನಕ್ಕೆ ಕರೆದೊಯ್ಯಲು ಹೋದರೆ ಆಯಿ ಅರ್ಧ ಒಳಗೆ, ಅರ್ಧ ಹೊರಗೆ. ಮುಂದಿನ ಸೀಟು ಬಗ್ಗಿಸಿ ಆಕೆಯನ್ನು ಎಳೆದು ತೆಗೆಯಲು ನಮ್ಮ ಇಬ್ಬರು ಮೆಕ್ಯಾನಿಕ್‌ಗಳು ಹೋಗಬೇಕಾಯಿತು. ಆಯಿ ಮಗನಿಗೆ ಬೈದ ಬೈಗುಳವನ್ನು ಅವರು ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕರು.

ಇನ್ನೊಬ್ಬರು ಹಲ್ಲಿನ ಡಾಕ್ಟರು. ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಎರಡು ವರ್ಷ ತೆಗೆಯಲಿಲ್ಲ. ಒಳಗಿನ ಚರ್ಮ ಇಟಲಿಯದೋ ಎಲ್ಲಿಯದೋ, ಅದನ್ನು ಮುಟ್ಟುವ ಭಾಗ್ಯ ಅವರ ಬೆನ್ನಿಗೆ ಇರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಅವರು ಕಾರಿನಿಂದ ಇಳಿದರೆ ಅಂಗಿ ಚರಚರ ಎಂದು ಕಿತ್ತು ಬರುತ್ತಿತ್ತು. ‘ಪ್ಲಾಸ್ಟಿಕ್ ತೆಗೀರಿ ಸಾಹೇಬ್ರ’ ಎಂದರೆ, ‘ಮಾರುವಾಗ ಹೊಸದರ ಹಂಗ ಕಾಣಬೇಕಲ್ರೀ’ ಎನ್ನುತ್ತಿದ್ದರು. ಅಂದರೆ ಇವರು ಸುಖಪಡಬೇಕಾದದ್ದನ್ನು ಮುಂದೆ ಕೊಳ್ಳುವವನಿಗೆ ಕಾಯ್ದಿಟ್ಟಿದ್ದರು. ಥೂ, ಇದೂ ಒಂದು ಬಾಳೇ?

ಇನ್ನು ಕೆಲಸದ ರೀತಿ. ಎಂಬತ್ತರ ದಶಕದಲ್ಲಿ ಕ್ಯಾಂಪಿನ ಒಂದು ಹಳೇ ಗ್ಯಾರೇಜಿನಲ್ಲಿ ನಾನು ಕಲಿತಾಗ ಕಿವಿಯೇ ನಮ್ಮ ಯಂತ್ರ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಬೇರಿಂಗಿನ ಗೋಳು ಕೇಳುತ್ತಿದ್ದೆವು. ಎರಡು ಸಾವಿರ ಇಸವಿ ದಾಟುವ ಹೊತ್ತಿಗೆ ಷೋರೂಮುಗಳು ಬಂದವು, ಗಾಜಿನ ಗೋಡೆಗಳು ಬಂದವು, ಕಂಪ್ಯೂಟರ್ ಬಂತು. ಕಾರಿನ ಹೊಟ್ಟೆಗೆ ಒಂದು ತಂತಿ ಸಿಕ್ಕಿಸಿದರೆ ಪರದೆಯ ಮೇಲೆ ಅದರ ರೋಗದ ಪಟ್ಟಿ ಬರುತ್ತದೆ. ಒಳ್ಳೆಯದೇ. ಆದರೆ ಪರದೆ ಹಸಿರಾಗಿದ್ದರೆ ಕಾರು ಸರಿ ಎಂದು ನಂಬುವ ಒಂದು ಜಾತಿಯೂ ಅದರ ಜೊತೆಗೇ ಹುಟ್ಟಿತು. ಕಂಪ್ಯೂಟರ್ ತನಗೆ ತಂತಿ ಇರುವ ಜಾಗವನ್ನಷ್ಟೇ ನೋಡುತ್ತದೆ. ತಂತಿ ಇಲ್ಲದ ಜಾಗದಲ್ಲಿ ಕಾರು ಸಾಯುತ್ತಿದ್ದರೂ ಅದಕ್ಕೆ ಹಸಿರೇ.

ಮೇಲಧಿಕಾರಿಗಳ ಬಗ್ಗೆ ಬರೆಯಲು ಒಬ್ಬರು ಸಾಕು. ನಮ್ಮ ಜನರಲ್ ಮ್ಯಾನೇಜರ್ ದೇಶಪಾಂಡೆ, ಬೆಳಗಾವಿಯವರು. ನನ್ನಿಂದ ಕೆಲಸ ಆಗಬೇಕಾದಾಗ ಕನ್ನಡ, ಬೈಯಬೇಕಾದಾಗ ಮರಾಠಿ. ‘ಹಂಚಿನಾಳ ಅವರ, ಬರ್ರಿ, ಚಹಾ ತಗೋರಿ’ ಎಂದರೆ ಏನೋ ಹೊಲಸು ಕೆಲಸ ಕಾದಿದೆ ಎಂದು ತಿಳಿಯಬೇಕು. ಕಾರಿನ ಬಾನೆಟ್ ತೆಗೆಯುವ ಗುಂಡಿ ಎಲ್ಲಿದೆ ಎಂದು ಕೊನೆಯ ದಿನದವರೆಗೂ ಆ ಮನುಷ್ಯನಿಗೆ ಗೊತ್ತಿರಲಿಲ್ಲ.

ಈಗ ಮಲ್ಲಣ್ಣ ಗೊಬ್ಬೂರರ ಕಾರಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲೆಂದೇ ಕೂತಿದ್ದೇನೆ, ಉಳಿದದ್ದೆಲ್ಲ ಧೈರ್ಯ ತಂದುಕೊಳ್ಳಲು ಬರೆದದ್ದು.

ಗೊಬ್ಬೂರರು ಆಳಂದ ಕಡೆಯವರು. ಗಾರೆ ಕೆಲಸಕ್ಕೆ ಪುಣೆಗೆ ಬಂದು, ಮೇಸ್ತ್ರಿಯಾಗಿ, ಗುತ್ತಿಗೆದಾರರಾಗಿ, ಕೊನೆಗೆ ಪುಣೆ ಹತ್ತಿರದ ಶಿರೂರಿನಲ್ಲಿ ಹೊಲ ಕೊಂಡು ಪ್ಲಾಟು ಹಾಕಿ ಮಾರುವ ದೊಡ್ಡ ಕುಳವಾಗಿದ್ದರು. ಒಂದು ಮಧ್ಯಾಹ್ನ ಬಿಳಿ ಅಂಗಿ, ಬಿಳಿ ಪ್ಯಾಂಟು, ಕಾಲಲ್ಲಿ ಕೊಲ್ಹಾಪುರಿ ಚಪ್ಪಲಿ ಹಾಕಿಕೊಂಡು ಷೋರೂಮಿಗೆ ಬಂದರು. ಸೇಲ್ಸಿನವರು ಇಂಗ್ಲಿಷಿನಲ್ಲಿ ಶುರುಮಾಡಿದ್ದೇ ತಡ, ಕೈ ಎತ್ತಿ ಅವರನ್ನು ನಿಲ್ಲಿಸಿ, ‘ಇಲ್ಲಿ ನಮ್ಮ ಕಡೀದವ್ರು ಯಾರರೆ ಅದಾರೇನು?’ ಎಂದು ಕೇಳಿದರಂತೆ. ನನ್ನನ್ನು ವರ್ಕ್‌ಶಾಪಿನಿಂದ ಕರೆಸಿದರು.

ಅವರ ಬೆರಳು ಕೆಂಪು ಬಣ್ಣದ ಎರಡು ಬಾಗಿಲಿನ ಕಾರಿನ ಕಡೆ ಇತ್ತು. ನಾನು ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡೆ. ಮನೆಯಲ್ಲಿ ಐದು ಮಂದಿ, ದಿನವೂ ಓಡಾಟ ಶಿರೂರಿನ ಮಣ್ಣಿನ ದಾರಿಯಲ್ಲಿ, ಈ ಮಹಾನುಭಾವನಿಗೆ ಬೇಕಾದದ್ದು ನೆಲ ಮೂಸುತ್ತ ಓಡುವ ಕಾರು!

‘ಯಾಕ್ರೀ ಇದು? ನಾಕು ಬಾಗಿಲಿಂದು ತಗೋರಿ, ಮನಿ ಮಂದಿ ಕೂಡ್ತಾರ’ ಎಂದೆ.

‘ಅದಕ್ಕ ಬ್ಯಾಡ ಅನ್ನಾಕತ್ತೀನಿ ನೋಡ್ರಿ’ ಎಂದರು ಗೊಬ್ಬೂರರು. ‘ನಾ ಪುಣಾಕ್ಕ ಬಂದದ್ದು ಉಸುಕಿನ ಲಾರಿ ಮ್ಯಾಲ. ಇಪ್ಪತ್ತು ಮಂದಿ ಇದ್ದಿವಿ. ಒಬ್ಬನ ಮೊಣಕಾಲು ಒಬ್ಬನ ಬೆನ್ನಾಗ. ಆಮ್ಯಾಲ ಹನ್ನೆರಡು ವರ್ಷ ಟೆಂಪೊದಾಗ ಹಂಗ ಹೋಗೀನಿ, ಹಂಗ ಬಂದೀನಿ. ಈಗ ನನಗ ಯಾರೂ ಬಾಜೂಕ ಒತ್ತಲಾರದ ಒಂದು ಗಾಡಿ ಬೇಕ್ರಿ. ನಾ ಕೂಡಬೇಕು, ಶಾಂತಾ ಕೂಡಬೇಕು, ಮುಗೀತು.’ ಶಾಂತಾ ಅವರ ಹೆಂಡತಿ.

ಇಂಥ ಕಾರು ಕೊಳ್ಳಲು ನಾನು ಕೇಳಿದ ಕಾರಣಗಳಲ್ಲಿ ಮರ್ಯಾದೆಯ ಕಾರಣ ಅದೊಂದೇ.

‘ನನಗ ಎಂಜಿನ್ನು ಪಂಜಿನ್ನು ತಿಳಿಯಂಗಿಲ್ಲ’ ಎಂದು ಅವರು ಮುಂದುವರಿಸಿದರು. ‘ಕಾರು ಚಲೋ ಅದ ಅಂತ ನೀವು ಸಹಿ ಮಾಡಿ ಕೊಡ್ರಿ. ನಾ ಬ್ಯಾರೆ ಯಾರನ್ನೂ ಕೇಳಂಗಿಲ್ಲ.’

ಹೂಂ ಎಂದೆ. ದಸರೆಯ ದಿನ ಹತ್ತೂವರೆಗೆ ಮುಹೂರ್ತ ಎಂದು ಅವರ ಸ್ವಾಮಿಗಳು ಬರೆದುಕೊಟ್ಟರು.

ಇಲ್ಲಿ ಒಂದು ಮಾತು ವಿವರಿಸಬೇಕು. ಹಡಗಿನಲ್ಲಿ, ಟ್ರೇಲರಿನಲ್ಲಿ ಬರುವ ಇಂಥ ಕಾರುಗಳು ದಾರಿಯಲ್ಲಿ ಕುಪ್ಪಳಿಸಿ ಹೊಟ್ಟೆ ತಾಗಿಸಿಕೊಳ್ಳಬಾರದೆಂದು, ನಾಲ್ಕೂ ಗಾಲಿಗಳ ಸ್ಪ್ರಿಂಗಿನ ಸುರುಳಿಯ ನಡುವೆ ಗಟ್ಟಿ ರಬ್ಬರಿನ ತುಂಡುಗಳನ್ನು ಸಿಕ್ಕಿಸಿ ಕಳಿಸುತ್ತಾರೆ. ನಾವು ಅವನ್ನು ಗಟ್ಟಿಗಳು ಎನ್ನುತ್ತಿದ್ದೆವು. ಅವು ಇರುವವರೆಗೆ ಸ್ಪ್ರಿಂಗು ಸ್ಪ್ರಿಂಗೇ ಅಲ್ಲ. ಕಾರು ಎತ್ತರಕ್ಕೆ ನಿಂತಿರುತ್ತದೆ, ಒಂದಿಷ್ಟೂ ಬಗ್ಗುವುದಿಲ್ಲ. ತಪಾಸಣೆಯ ಮೊದಲ ಕೆಲಸವೇ ಕಾರನ್ನು ಲಿಫ್ಟಿನ ಮೇಲೆ ಎತ್ತಿ ಗಟ್ಟಿ ತೆಗೆಯುವುದು. ತೆಗೆಯದಿದ್ದರೆ ನಿಧಾನವಾಗಿ ಓಡಿಸುವಾಗ ಬೆನ್ನು ನೋಯುತ್ತದೆ, ಅಷ್ಟೇ. ಜೋರಾಗಿ ಹೋಗುವಾಗ ತಿರುವಿನಲ್ಲಿ ಒಂದು ತಗ್ಗು ಸಿಕ್ಕರೆ ಗಾಲಿ ರಸ್ತೆ ಬಿಟ್ಟು ಹಾರುತ್ತದೆ, ಕಾರು ತನಗೆ ಬೇಕಾದ ಕಡೆ ಹೋಗುತ್ತದೆ.

ಗೊಬ್ಬೂರರ ಕಾರು ಎರಡು ದಿನ ಮೊದಲೇ ಬರಬೇಕಿತ್ತು. ಟ್ರೇಲರು ಊರ ಹೊರಗೆ ಸುಂಕ ವಸೂಲಿಯ ಜಕಾತಿ ನಾಕಾದಲ್ಲಿ ಸಿಕ್ಕಿಕೊಂಡು ದಸರೆಯ ಬೆಳಿಗ್ಗೆ ಒಂಬತ್ತಕ್ಕೆ ಬಂತು. ಆ ಹೊತ್ತಿಗೆ ನಮ್ಮ ವರ್ಕ್‌ಶಾಪು ದೇವರ ಮನೆಯಾಗಿತ್ತು. ನವಮಿಯ ಸಂಜೆಯೇ ಎಲ್ಲ ಪಾನಾಗಳನ್ನು, ಅಂದರೆ ಸ್ಪ್ಯಾನರುಗಳನ್ನು, ಸೀಮೆಎಣ್ಣೆಯಲ್ಲಿ ತೊಳೆದು, ಕೆಂಪು ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ ಪೂಜೆಗೆ ಕೂಡಿಸಿದ್ದೆವು. ಲಿಫ್ಟಿನ ಕಂಬಗಳಿಗೂ ಚೆಂಡುಹೂವಿನ ಮಾಲೆ. ಮಧ್ಯಾಹ್ನದ ಆರತಿ ಆಗುವವರೆಗೆ ಯಾರೂ ಪಾನಾ ಮುಟ್ಟುವಂತಿಲ್ಲ, ಲಿಫ್ಟು ಎತ್ತುವಂತಿಲ್ಲ.

ಈ ಬಾಯಿಬಡುಕ ಹಂಚಿನಾಳ ಏನು ಮಾಡಿದ ಎಂದು ಕೇಳಿ. ಗಿರಾಕಿಗಳು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರೆ ನಗುತ್ತಿದ್ದವನು ನಾನು. ನಂಬರ್ ಪ್ಲೇಟಿನ ಅಂಕಿ ಕೂಡಿಸಿ ಕಳೆಯುವವರನ್ನು ಕಂಡರೆ ಉರಿದುಬೀಳುತ್ತಿದ್ದವನು ನಾನು. ಆ ಕೆಂಪು ಬಟ್ಟೆಯ ಮುಂದೆ ನಿಂತೆ, ಬೇಕಾದ ಪಾನಾ ಯಾವುದೆಂದೂ ಕಣ್ಣಿಗೆ ಕಂಡಿತು, ಕೈ ಮುಂದೆ ಹೋಗಲಿಲ್ಲ. ನನ್ನ ಅಪ್ಪ ಬಡಿಗ. ಅವನು ಉಳಿ, ಬಾಚಿ ಪೂಜೆಗಿಟ್ಟ ದಿನ ನಾವು ಅವುಗಳ ಹತ್ತಿರ ಸುಳಿದರೆ ಬೆನ್ನು ಮುರಿಯುತ್ತಿದ್ದ. ಐವತ್ತು ದಾಟಿದ ಮೇಲೂ ಆ ಹೊಡೆತದ ಅಂಜಿಕೆ ನನ್ನ ಕೈಯಲ್ಲಿತ್ತು.

ದೇಶಪಾಂಡೆಯವರ ಹತ್ತಿರ ಹೋಗಿ, ‘ಸರ್, ಗಟ್ಟಿ ಹಂಗ ಅದಾವ. ಗಾಡಿ ಇವತ್ತ ಕೊಡಾಕ ಬರಂಗಿಲ್ಲ’ ಎಂದೆ.

‘ಹಂಚಿನಾಳ ಅವರ, ಮುಹೂರ್ತ ತಪ್ಪಿದರ ಆ ಮನುಷ್ಯಾ ಗಾಡೀನ ಬ್ಯಾಡ ಅಂತಾನ’ ಎಂದರು ಅವರು ಕನ್ನಡದಲ್ಲಿ. ‘ಊರಾಗಷ್ಟ ಓಡಸ್ತಾನ. ನಾಳೆ ಕರೆಸಿ ತಗದರಾತು. ಕಂಪ್ಯೂಟರ್ ಏನಂತದ?’

‘ಹಸಿರು ಅಂತೈತ್ರಿ.’

‘ಮತ್ತೇನು? ಸಹಿ ಹಾಕ್ರಿ.’

ಹಾಕಿದೆ. ಹತ್ತೂವರೆಗೆ ತೆಂಗಿನಕಾಯಿ ಒಡೆದರು, ಶಾಂತಾಬಾಯಿ ಆರತಿ ಬೆಳಗಿದರು, ಗೊಬ್ಬೂರರು ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡು ಜೇಬಿಗೆ ಇಟ್ಟುಕೊಂಡರು. ಓದಲಿಲ್ಲ.

ಮರುದಿನ ಫೋನು ಮಾಡಿ, ‘ಸಣ್ಣದೊಂದು ಕೆಲಸ ಉಳದೈತ್ರಿ, ಗಾಡಿ ತರ್ರಿ’ ಎಂದೆ. ಸಣ್ಣದೊಂದು ಕೆಲಸ!

‘ಏ, ಏನೂ ಮಾಡಬ್ಯಾಡ್ರಿ ಅದಕ್ಕ’ ಎಂದು ನಕ್ಕರು ಗೊಬ್ಬೂರರು. ‘ಭಾಳ ಗಟ್ಟಿಮುಟ್ಟ ಗಾಡಿ ಅದ. ಶಿರೂರಿನ ಹಾದ್ಯಾಗ ಒಂದು ರೋಡ್ ಹಂಪೂ ಹೊಟ್ಟಿಗೆ ತಾಗಂಗಿಲ್ಲ. ಮಂದಿ ಅಂತಿದ್ರು, ನೆಲಕ್ಕ ಕೂಡ್ತದ ಅಂತ. ಸುಳ್ಳ ಅದು. ಆನಿ ಹಂಗ ಹೋಗ್ತದ. ಬೆನ್ನು ಒಂಚೂರು ನೋಯ್ತದ, ನೋಯ್ಲಿ, ರೇಸಿನ ಗಾಡಿ ಅಲ್ಲೇನ್ರಿ?’

ಎರಡನೆಯ ಸಲ ಫೋನು ಮಾಡಿದಾಗಲೂ ಅದೇ ಉತ್ತರ. ಮೂರನೆಯ ಸಲ ನಾನು ಮಾಡಲೇ ಇಲ್ಲ. ಆ ಮನುಷ್ಯ ನಿಧಾನ ಓಡಿಸುತ್ತಾರೆ, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಐವತ್ತು ದಾಟಿದ ಮೆಕ್ಯಾನಿಕನನ್ನು ಬೇರೆ ಯಾರು ಕರೆದು ಕೆಲಸ ಕೊಡುತ್ತಾರೆ, ಸಹಿ ಇರುವುದು ನನ್ನದು, ದೇಶಪಾಂಡೆಯವರದ್ದಲ್ಲ ಎಂದೂ ಹೇಳಿಕೊಂಡೆ. ಹೆದರಿದವನಿಗೆ ಕಾರಣಗಳು ಸಾಲುಗಟ್ಟಿ ಬರುತ್ತವೆ.

ಈ ನಡುವೆ ಗೊಬ್ಬೂರರು ಕಂಡಕಂಡವರಿಗೆಲ್ಲ ತಮ್ಮ ಕಾರಿನ ಎತ್ತರ ಹೊಗಳಿದರು. ಮಾತು ಕ್ಯಾಂಪಿನ ಬಂಗಾರದ ವ್ಯಾಪಾರಿಯವರೆಗೂ ಹೋಯಿತು. ಅವನದೂ ಅದೇ ಕಾರು, ಅದು ಅವನ ಅಂಗಡಿಯ ಮುಂದಿನ ರೋಡ್ ಹಂಪಿಗೆ ದಿನಾ ಹೊಟ್ಟೆ ಉಜ್ಜುತ್ತಿತ್ತು.

ದೀಪಾವಳಿಯ ಎರಡು ದಿನ ಮೊದಲು ಗೊಬ್ಬೂರರು ಕಾರನ್ನು ಬರೀ ತೊಳೆಯಲು ಬಿಟ್ಟು ಹೋದರು. ನಾನು ಬ್ರೇಕು ನೋಡುವ ನೆಪ ಹೇಳಿ ಅದನ್ನು ಸಾತಾರ ದಾರಿಯ ಕಾತ್ರಜ ಘಾಟಿನ ಕಡೆ ಓಡಿಸಿದೆ. ಘಾಟಿನ ಎರಡನೆಯ ತಿರುವಿನಲ್ಲಿ, ಬರೀ ಐವತ್ತರ ವೇಗದಲ್ಲಿ, ರಸ್ತೆಗೆ ಹಾಕಿದ ಒಂದು ತೇಪೆಯ ಮೇಲೆ ಹಿಂದಿನ ಗಾಲಿ ಎಗರಿತು. ಕಾರಿನ ಬಾಲ ಎದುರು ಬರುತ್ತಿದ್ದ ಹುಬ್ಬಳ್ಳಿ ಬಸ್ಸಿನ ಕಡೆ ಹೊರಳಿತು. ಬಸ್ಸಿನವನು ಹಾರ್ನು ಬಡಿಯುತ್ತ ಗೋಡೆಗೆ ಒತ್ತಿಕೊಂಡು ಹೋದದ್ದರಿಂದ ಉಳಿದೆ. ರಸ್ತೆಯ ಪಕ್ಕ ನಿಲ್ಲಿಸಿ, ಇಳಿದು ನಾಲ್ಕೂ ಗಾಲಿ ನೋಡಿದೆ. ಮೂವತ್ತು ವರ್ಷ ಸ್ಟೇರಿಂಗು ಹಿಡಿದ ನನ್ನ ಗತಿಯೇ ಹೀಗಾದರೆ ಆ ಮನುಷ್ಯನ ಗತಿ ಏನು?

ನೇರ ವರ್ಕ್‌ಶಾಪಿಗೆ ಬಂದು ಕಾರನ್ನು ಲಿಫ್ಟಿನ ಮುಂದೆ ನಿಲ್ಲಿಸಿದೆ. ಅಲ್ಲಿ ದೇಶಪಾಂಡೆಯವರೂ ಬಂಗಾರದ ವ್ಯಾಪಾರಿಯೂ ನಗುನಗುತ್ತ ನಿಂತಿದ್ದರು.

‘ಬರ್ರಿ ಹಂಚಿನಾಳ ಅವರ, ಚಹಾ ತಗೋರಿ’ ಎಂದರು ದೇಶಪಾಂಡೆ. ‘ಶೇಠಜಿ ಅವರಿಗೂ ಗೊಬ್ಬೂರರ ಗಾಡಿ ಹಂಗ ಎತ್ತರ ಬೇಕಂತ. ನಮ್ಮ ಹತ್ರ ಗಟ್ಟಿ ರಾಶಿ ಬಿದ್ದಾವಲ್ಲ? ನಾಕು ಹಾಕಿ ಕೊಡ್ರಿ. ಭಾರತದ ರಸ್ತಾಕ್ಕ ವಿಶೇಷ ಸಾಮಾನು ಅಂತ ಹೆಸರಿಡೂಣು.’

ನಾನು ಅವರನ್ನು ಪಕ್ಕಕ್ಕೆ ಕರೆದು ಘಾಟಿನಲ್ಲಿ ಆದದ್ದನ್ನು ಹೇಳಿದೆ. ‘ಇದರಾಗಿನ ಗಟ್ಟಿ ಈಗ ತಗೀತೀನಿ’ ಎಂದು ಲಿಫ್ಟಿನ ಗುಂಡಿಗೆ ಕೈ ಹಾಕಿದೆ. ಅವರು ಕಾರಿನ ಕೀಲಿ ಕಿತ್ತುಕೊಂಡರು. ಅಲ್ಲಿಂದ ಮಾತು ಮರಾಠಿಗೆ ತಿರುಗಿತು. ಗಿರಾಕಿ ಸಂತೋಷವಾಗಿದ್ದಾನೆ, ಈಗ ತೆಗೆದರೆ ಕಾರು ತಗ್ಗಾಗುತ್ತದೆ, ಏನಾಯಿತು ಎಂದು ಕೇಳುತ್ತಾನೆ, ಮಾತು ಮುಂಬೈ ಆಫೀಸಿಗೆ ಹೋಗುತ್ತದೆ, ಅಲ್ಲಿ ಅವರು ಹಾಳೆ ನೋಡುತ್ತಾರೆ, ಹಾಳೆಯ ಮೇಲೆ ಯಾರ ಸಹಿ ಇದೆ ಎಂದು ಒಂದು ಸಲ ನೆನಪು ಮಾಡಿಕೋ. ಇದಿಷ್ಟನ್ನೂ ವ್ಯಾಪಾರಿಯ ಕಡೆ ನಗು ಬೀರುತ್ತಲೇ ಹಲ್ಲು ಕಚ್ಚಿ ಹೇಳಿದರು.

ಅಷ್ಟರಲ್ಲಿ ಗೊಬ್ಬೂರರೇ ಬಂದರು. ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಅದನ್ನು ಎಲ್ಲರ ಮುಂದೆ ನನ್ನ ಕೈಗೇ ಕೊಟ್ಟರು.

‘ಭಾವೂಬೀಜಕ್ಕ ಸಾತಾರಕ್ಕ ಹೊಂಟೀನ್ರಿ, ಶಾಂತಾ ತಮ್ಮಗ ಆರತಿ ಮಾಡಬೇಕಲ್ಲ, ಅವನ ಮನಿಗೆ’ ಎಂದರು. ‘ಮಗಳನ್ನೂ ಹಿಂದ ಕೂಡಿಸ್ಕೊಂಡು ಹೋಗ್ತೀವಿ. ಇಷ್ಟು ದಿನ ಊರಾಗ ತಿರುಗ್ಯಾಡಿದ್ದಾತು. ಅವತ್ತ ಘಾಟಿನ್ಯಾಗ ಇದರ ದಮ್ಮು ನೋಡ್ತೀನಿ.’

ದೇಶಪಾಂಡೆಯವರು ಕಾರಿನ ಕೀಲಿಯನ್ನು ಅವರ ಕೈಗಿಟ್ಟು, ‘ಸಾವಕಾಶ ಹೋಗ್ರಿ’ ಎಂದರು. ನಾನು ಹೋಳಿಗೆಯ ಡಬ್ಬಿ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ. ಒಂದು ಮಾತು, ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅಷ್ಟು ವರ್ಷ ಗಿರಾಕಿಗಳನ್ನು ನೋಡಿ ನಕ್ಕವನಲ್ಲವೇ ನಾನು, ಅವತ್ತು ನನ್ನಷ್ಟು ಹೇಸಿಗೆಯವನು ಆ ಗಾಜಿನ ಗೋಡೆಗಳ ಒಳಗೆ ಇನ್ನೊಬ್ಬನಿರಲಿಲ್ಲ. ವ್ಯಾಪಾರಿಯ ಕಾರಿಗೆ ಗಟ್ಟಿ ಹಾಕುವುದಿಲ್ಲ ಎಂದಷ್ಟೇ ಹೇಳಿ, ಹೊಟ್ಟೆನೋವು ಎಂದು ಮನೆಗೆ ಬಂದೆ.

ದೀಪಾವಳಿ ಹೇಗೆ ಕಳೆಯಿತೋ ಗೊತ್ತಿಲ್ಲ. ಡಬ್ಬಿ ತೆಗೆದ ನನ್ನ ಹೆಂಡತಿ, ‘ಇಷ್ಟು ಚಲೋ ಹೋಳಿಗಿ ಯಾಕ ತಿನವಲ್ರಿ?’ ಎಂದು ಕೇಳಿದಾಗ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಡಬ್ಬಿಯ ಮುಚ್ಚಳ ಹಾಕಿ, ‘ನೌಕರಿ ಹೋದರ ಹೋಗ್ಲಿ. ಹಿಂದಿನ ಸೀಟಿನ್ಯಾಗ ನಮ್ಮ ಮಗಳಿದ್ದಿದ್ದರ?’ ಎಂದಳು. ಇದಕ್ಕೂ ಅವಳೇ ಬೇಕಾಯಿತು ನನಗೆ.

ಭಾವೂಬೀಜದ ಬೆಳಿಗ್ಗೆ ಏಳಕ್ಕೆ ಸ್ಕೂಟರ್ ಹತ್ತಿ ಗೊಬ್ಬೂರರ ಮನೆಗೆ ಹೋದೆ. ಅಂಗಳದಲ್ಲಿ ಕಾರು ಒರೆಸಿಟ್ಟಿತ್ತು. ಮಗಳು, ಹದಿನಾರರ ಹುಡುಗಿ, ಆಗಲೇ ಹಿಂದಿನ ಸೀಟಿನಲ್ಲಿ ಮುದುಡಿ ಕೂತಿದ್ದಳು. ಶಾಂತಾಬಾಯಿ ಬುಟ್ಟಿಯೊಂದನ್ನು ಅವಳ ತೊಡೆಯ ಮೇಲೆ ಇಡುತ್ತಿದ್ದರು.

‘ಬರ್ರಿ ಬರ್ರಿ, ಹಬ್ಬದ ದಿನ ಬಂದೀರಿ!’ ಎಂದರು ಗೊಬ್ಬೂರರು.

‘ಈ ಗಾಡಿ ತಗೊಂಡು ಘಾಟಿಗೆ ಹೋಗಬ್ಯಾಡ್ರಿ’ ಎಂದೆ. ಉಸಿರು ತೆಗೆದುಕೊಳ್ಳದೆ ಗಟ್ಟಿಯ ವಿಷಯ ಎಲ್ಲ ಹೇಳಿದೆ.

ಅವರು ಮೊದಲು ನಕ್ಕರು. ‘ನನ್ನ ಗಾಡಿ ತಗ್ಗು ಮಾಡಾಕ ಯಾರೋ ನಿಮಗ ಹೇಳಿ ಕಳಿಸ್ಯಾರ’ ಎಂದರು. ಅಂಗಳದ ಮೂಲೆಯಲ್ಲಿ ಅವರ ಹಳೇ ಜೀಪು ನಿಂತಿತ್ತು. ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ‘ಇದರ ಮೂಲಿ ಒತ್ತರಿ’ ಎಂದೆ. ಒತ್ತಿದರು. ಜೀಪು ಕಿರ್ ಎಂದು ಬಗ್ಗಿ ಎದ್ದಿತು. ‘ಈಗ ಇದನ್ನ ಒತ್ತರಿ’ ಎಂದು ಕಾರಿನ ಹಿಂಬದಿ ತೋರಿಸಿದೆ. ಎರಡೂ ಕೈ ಊರಿ, ಗಾರೆ ಕೆಲಸ ಮಾಡಿದ ಆ ತೋಳುಗಳಿಂದ ಮೈಭಾರ ಬಿಟ್ಟು ಒತ್ತಿದರು. ಕಾರು ಕೂದಲೆಳೆಯಷ್ಟೂ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದರು. ಅವರ ನಗು ಹೋಯಿತು. ಮನೆ ಕಟ್ಟಿದವರು, ಯಾವುದು ಎಲ್ಲಿ ಬಗ್ಗಬೇಕು, ಎಲ್ಲಿ ನಿಲ್ಲಬೇಕು ಎಂದು ಅವರಿಗೆ ನಾನು ಹೇಳಿಕೊಡಬೇಕಿರಲಿಲ್ಲ.

‘ನಿಮಗ ಯಾವಾಗ ಗೊತ್ತಾತ್ರಿ?’ ಎಂದು ಕೇಳಿದರು.

‘ಮೊದಲನೇ ದಿನದಿಂದ ಗೊತ್ತೈತ್ರಿ.’

‘ಸಹಿ ಮಾಡೂಮುಂದ?’

‘ಹೌದ್ರಿ.’

ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಹಗುರಾಗುತ್ತಿದ್ದೆ. ಅವರು ಕಾರಿನ ಹತ್ತಿರ ಹೋಗಿ, ಮುಂದಿನ ಸೀಟು ಬಗ್ಗಿಸಿ, ಮಗಳ ಕೈ ಹಿಡಿದು ಹೊರಗೆ ಇಳಿಸಿಕೊಂಡರು. ಇಳಿಸಿದ ಮೇಲೂ ಆ ಕೈಯನ್ನು ಬಿಡಲಿಲ್ಲ. ಇನ್ನೊಂದು ಕೈಯಿಂದ ಕೀಲಿಯನ್ನು ನನಗೆ ಕೊಟ್ಟು, ‘ಒಯ್ರಿ’ ಎಂದರು. ಮೂವರೂ ಹಳೇ ಜೀಪು ಹತ್ತಿ ಸಾತಾರಕ್ಕೆ ಹೋದರು.

ಹಬ್ಬದ ರಜೆ, ವರ್ಕ್‌ಶಾಪಿನಲ್ಲಿ ವಾಚ್‌ಮನ್ ಒಬ್ಬನೇ ಇದ್ದ. ನಾನೊಬ್ಬನೇ ಕಾರನ್ನು ಎತ್ತಿ ನಾಲ್ಕೂ ಗಟ್ಟಿ ತೆಗೆದೆ. ನಲವತ್ತು ನಿಮಿಷದ ಕೆಲಸ. ಅದಕ್ಕೆ ನಾನು ಇಪ್ಪತ್ತೆರಡು ದಿನ ತೆಗೆದುಕೊಂಡಿದ್ದೆ.

ದೇಶಪಾಂಡೆಯವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಏಕೆಂದರೆ ಗೊಬ್ಬೂರರು ಎಲ್ಲೂ ದೂರು ಕೊಡಲಿಲ್ಲ. ತೆಗೆದರೆ ಯಾಕೆಂದು ಬರೆಯಬೇಕಲ್ಲ! ಒಂದು ವರ್ಷ ಕಾರು ತೊಳೆಯುವ ಕಡೆ ಹಾಕಿದರು. ಆಮೇಲೆ ಬೇರೆ ಯಾರಿಗೂ ಕೆಲಸ ಬರುವುದಿಲ್ಲ ಎಂದು ಗೊತ್ತಾಗಿ ಮತ್ತೆ ತಪಾಸಣೆಗೆ ತಂದರು. ಪೂಜೆಯ ದಿನ ಕಾರು ಕೊಡಬೇಕಾದರೆ ಒಂದು ಜೊತೆ ಪಾನಾ ಪೂಜೆಗಿಡದೆ ಹೊರಗೆ ಇಡುವ ಪದ್ಧತಿಯನ್ನು ಆಗ ಶುರುಮಾಡಿದೆ. ನೀವೂ ಹಾಗೆ ಮಾಡಿ, ದೇವರಿಗೆ ಏನೂ ಕಡಿಮೆಯಾಗುವುದಿಲ್ಲ.

ಗೊಬ್ಬೂರರು ಆ ಕಾರನ್ನು ಮಾರಲಿಲ್ಲ. ಗಟ್ಟಿ ತೆಗೆದ ಮೇಲೆ ಅದು ಶಿರೂರಿನ ಹಂಪುಗಳಿಗೆಲ್ಲ ಹೊಟ್ಟೆ ಉಜ್ಜಿತು, ಆದರೂ ಇಟ್ಟುಕೊಂಡರು. ಸರ್ವಿಸಿಗೆ ಬಂದಾಗಲೆಲ್ಲ, ‘ಆರಾಮ ಅದೀರೇನ್ರಿ?’ ಎಂದು ಮೊದಲಿನಂತೆಯೇ ಕೇಳುತ್ತಿದ್ದರು. ಕ್ಷಮಿಸಿಬಿಟ್ಟಿದ್ದಾರೆ ಎಂದು ನಾನು ತಿಳಿದೆ. ಎರಡು ವರ್ಷ ಹಾಗೇ ತಿಳಿದಿದ್ದೆ.

ಆಮೇಲೆ ಮಗಳು ಕಾಲೇಜಿಗೆ ಹೋಗುತ್ತಾಳೆಂದು ನಮ್ಮಲ್ಲೇ ಒಂದು ಸಣ್ಣ ಕಾರು ಕೊಂಡರು. ಆ ಕಾರನ್ನು ನಾನು ಎರಡು ದಿನ ತಪಾಸಣೆ ಮಾಡಿದೆ. ಒಂದೊಂದು ನಟ್ಟನ್ನೂ ನಾನೇ ಬಿಗಿದೆ. ಹಾಳೆಗೆ ಅಷ್ಟು ಹೆಮ್ಮೆಯಿಂದ ನಾನು ಎಂದೂ ಸಹಿ ಹಾಕಿರಲಿಲ್ಲ. ಅದನ್ನು ಹಿಡಿದುಕೊಂಡು ಕಾರಿನ ಪಕ್ಕ ನಿಂತೆ. ಗೊಬ್ಬೂರರು ಹೆಂಡತಿ, ಮಗಳ ಜೊತೆ ಬಂದರು. ಅದೇ ಬಿಳಿ ಅಂಗಿ, ಬಿಳಿ ಪ್ಯಾಂಟು. ‘ನಮಸ್ಕಾರ ಹಂಚಿನಾಳ ಅವರ’ ಎಂದರು. ಜೇಬಿನಿಂದ ಒಂದು ಬ್ಯಾಟರಿ ದೀಪ ತೆಗೆದು, ಚಪ್ಪಲಿ ಬಿಟ್ಟು, ಷೋರೂಮಿನ ಅಷ್ಟೂ ಜನರ ಮುಂದೆ ನೆಲದ ಮೇಲೆ ಅಂಗಾತ ಮಲಗಿ, ತೆವಳಿಕೊಂಡು ಕಾರಿನ ಕೆಳಗೆ ಹೋದರು. ಒಂದು ಗಾಲಿಯ ಹತ್ತಿರ ಬೆಳಕು ಬಿಟ್ಟು ನೋಡಿದರು, ಬೆರಳು ಹಾಕಿ ಮುಟ್ಟಿದರು. ಎರಡನೆಯದು, ಮೂರನೆಯದು, ನಾಲ್ಕನೆಯದು. ಎದ್ದು ಬಂದಾಗ ಅಂಗಿಯ ಬೆನ್ನು ಕರ್ರಗಾಗಿತ್ತು. ‘ಕೂಡವ್ವಾ’ ಎಂದು ಮಗಳಿಗೆ ಹೇಳಿ ಬಾಗಿಲು ತೆಗೆದರು.

ಸಹಿ ಮಾಡಿದ ಹಾಳೆ ನನ್ನ ಕೈಯಲ್ಲೇ ಇತ್ತು. ಅವರು ಅದನ್ನು ಕೇಳಲಿಲ್ಲ.